ಬೇವಿನ ಎಣ್ಣೆ ನೀರಿನೊಡನೆ ಏಕೆ ಬೆರೆಯದು?

ಕುಷ್ಟಗಿ ಸೀಮೆಯ ದಾಳಿಂಬೆ ಬೆಳೆಗಾರರು ಥ್ರಿಪ್ಸ್ ನುಸಿ, ಸಸ್ಯಹೇನುಗಳ ಹತೋಟಿಗೆ ಬೇವಿನ ಎಣ್ಣೆ ಸಿಂಪಡಿಸುವುದುಂಟು. ಎಣ್ಣೆಯನ್ನು ನೇರವಾಗಿ ಪಂಪಿನ ನೀರಿಗೆ ಸುರಿದುಕೊಂಡು ಹೊರಟರೆ ಆಗುವುದೇನು? ಎಣ್ಣೆ ಮೇಲೆ ತೇಲುತ್ತದೆ. ಪಂಪು ಎಳೆಯುವುದು ತಳದ ನೀರನ್ನು. ಮೊದಲ ಗಿಡಗಳಿಗೆ ಬರೀ ನೀರು ಬೀಳುತ್ತದೆ, ಕೀಟ ಸಾಯುವುದಿಲ್ಲ. ಟ್ಯಾಂಕು ಬರಿದಾಗುವ ಹೊತ್ತಿಗೆ ಕೊನೆಯ ಗಿಡಗಳ ಮೇಲೆ ಗಟ್ಟಿ ಎಣ್ಣೆ ಬಿದ್ದು ಚಿಗುರು, ಹೂವು ಸುಡುತ್ತವೆ. ಆಗ ಬೇವಿನ ಎಣ್ಣೆಯನ್ನೇ ದೂರುವುದು ಸರಿಯಲ್ಲ.

ನೀರಿನ ಅಣುವಿನಲ್ಲಿ ಒಂದು ಆಮ್ಲಜನಕ, ಎರಡು ಜಲಜನಕ ಪರಮಾಣುಗಳಿವೆ. ಇವು ನೇರ ಸಾಲಿನಲ್ಲಿಲ್ಲ, ಸುಮಾರು 104.5 ಡಿಗ್ರಿ ಕೋನದಲ್ಲಿ ಬಾಗಿವೆ. ಆಮ್ಲಜನಕವು ಎಲೆಕ್ಟ್ರಾನುಗಳನ್ನು ತನ್ನತ್ತ ಹೆಚ್ಚು ಸೆಳೆಯುವುದರಿಂದ ಆ ಬದಿಗೆ ಕೊಂಚ ಋಣ ವಿದ್ಯುತ್ತು, ಜಲಜನಕದ ಬದಿಗೆ ಕೊಂಚ ಧನ ವಿದ್ಯುತ್ತು ಬರುತ್ತದೆ. ಇಂಥದನ್ನು ಧ್ರುವೀಯ ಅಣು ಎನ್ನುತ್ತಾರೆ. ಒಂದರ ಧನ ತುದಿ ಇನ್ನೊಂದರ ಋಣ ತುದಿಯನ್ನು ಹಿಡಿದುಕೊಳ್ಳುತ್ತದೆ. ಯೂರಿಯಾದ ಅಣುವೂ ಧ್ರುವೀಯವೇ. ಆದ್ದರಿಂದಲೇ ಅದು ನೀರಿನಲ್ಲಿ ಸಕ್ಕರೆಯಂತೆ ಕರಗುತ್ತದೆ. ಎಣ್ಣೆಯ ಅಣುವಾದರೋ ಬಹುಪಾಲು ಇಂಗಾಲ, ಜಲಜನಕಗಳ ಉದ್ದ ಸರಪಳಿ. ಅಲ್ಲಿ ಎಲೆಕ್ಟ್ರಾನುಗಳ ಹಂಚಿಕೆ ಹೆಚ್ಚುಕಡಿಮೆ ಸಮವಾಗಿದೆ. ನೀರಿನ ಅಣುಗಳು ತಮ್ಮತಮ್ಮಲ್ಲೇ ಹಿಡಿದುಕೊಂಡು ಎಣ್ಣೆಯನ್ನು ಹೊರಗಿಡುತ್ತವೆ.

ಇವೆರಡನ್ನೂ ಕೂಡಿಸುವುದು ಸಾಬೂನು. ಅದರ ಅಣುವಿನ ಒಂದು ತುದಿ ನೀರಿಗೆ ಒಲಿಯುತ್ತದೆ, ಉದ್ದನೆಯ ಬಾಲ ಎಣ್ಣೆಗೆ ಒಲಿಯುತ್ತದೆ. ಎಣ್ಣೆಯ ಸಣ್ಣ ಹನಿಗಳನ್ನು ಸುತ್ತುವರಿದು, ಅವು ಮತ್ತೆ ಒಂದುಗೂಡದಂತೆ ತಡೆಯುತ್ತದೆ.

ಲೀಟರಿಗೆ 5 ಮಿ.ಲೀ.ನಂತೆ 16 ಲೀಟರ್ ಪಂಪಿಗೆ 80 ಮಿ.ಲೀ. ಎಣ್ಣೆ ಬೇಕು. ಮೊದಲು ಸಾಬೂನನ್ನು ಸ್ವಲ್ಪ ನೀರಿನಲ್ಲಿ ಪೂರ್ಣ ಕರಗಿಸಿಕೊಳ್ಳಬೇಕು. ಅದಕ್ಕೆ ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡುತ್ತ, ಹಾಲಿನಂತೆ ಬೆಳ್ಳಗಾಗುವವರೆಗೆ ಕದಡಬೇಕು. ಅನಂತರವೇ ಉಳಿದ ನೀರಿಗೆ ಬೆರೆಸುವುದು. ಸಿಂಪಡಿಸುವಾಗಲೂ ಪಂಪನ್ನು ಆಗಾಗ ಅಲುಗಾಡಿಸುತ್ತಿರಬೇಕು.

ನಮ್ಮ ಭಾಗದ ರೈತರು ಇಲ್ಲಿ ಇನ್ನೊಂದು ಮಾತನ್ನು ಗಮನಿಸಬೇಕು. ಹಲವು ಕೊಳವೆ ಬಾವಿಗಳ ನೀರು ಸವುಳು. ಅದರಲ್ಲಿ ಬೇಳೆ ಬೇಗ ಬೇಯದು. ಮನೆಯ ಹೆಣ್ಣುಮಕ್ಕಳಿಗೆ ಇದು ನಮಗಿಂತ ಮೊದಲೇ ಗೊತ್ತಿರುತ್ತದೆ. ಅಂಥ ನೀರಿನ ಸುಣ್ಣದಂಶವು ಸಾಬೂನಿನೊಡನೆ ಸೇರಿ ಕರಗದ ಕೆನೆಯಾಗುತ್ತದೆ. ಸಾಬೂನು ವ್ಯರ್ಥ, ಎಣ್ಣೆ ಮತ್ತೆ ಮೇಲಕ್ಕೆ, ನಳಿಕೆಯ ತೂತು ಬಂದ್. ಕೃಷಿಹೊಂಡದ ಮಳೆನೀರನ್ನು ಸೋಸಿ ಬಳಸುವುದು ಉತ್ತಮ.

ಬೇವಿನ ಬೀಜದ ಕಷಾಯಕ್ಕೆ ಈ ತೊಡಕು ಕಡಿಮೆ. ಬೀಜದಲ್ಲಿರುವ ಅಜಾಡಿರಾಕ್ಟಿನ್ ಎಂಬ ಕೀಟನಾಶಕ ಅಂಶದ ಅಣುವಿನಲ್ಲಿ ಆಮ್ಲಜನಕ ಪರಮಾಣುಗಳು ಅನೇಕ. ಆದ್ದರಿಂದ ಅದು ಸ್ವಲ್ಪಮಟ್ಟಿಗೆ ನೀರಿಗೂ ಇಳಿಯುತ್ತದೆ. 5 ಕಿಲೋ ಬೀಜದ ತಿರುಳನ್ನು ಪುಡಿಮಾಡಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿ ನೆನೆಯಿಟ್ಟು, ಬೆಳಿಗ್ಗೆ ಹಿಂಡಿ 100 ಲೀಟರ್ ಮಾಡಿಕೊಂಡರೆ ಶೇಕಡಾ 5ರ ಕಷಾಯ ಸಿದ್ಧ. ಎಲೆಗೆ ಅಂಟಲು ಇದಕ್ಕೂ ಒಂದಿಷ್ಟು ಸಾಬೂನು ಸೇರಿಸಬೇಕು. ಬಿಸಿಲಿಗೆ ಅದರ ಸತ್ವ ಬೇಗ ಕೆಡುವುದರಿಂದ ಅದೇ ದಿನ ಸಂಜೆ ಸಿಂಪಡಿಸಿ ಮುಗಿಸಬೇಕು.