ಮುಪ್ಪಿನಲ್ಲಿ ಮುಗ್ಗರಿಸದಂತೆ

ನರಕಚತುರ್ದಶಿಯ ಮುಂಜಾವು. ಮನೆಯ ಮಕ್ಕಳುಮರಿಗಳಿಗೆಲ್ಲ ತಮ್ಮ ಕೈಯಿಂದಲೇ ಎಣ್ಣೆಯೊತ್ತಿ, ಎಲ್ಲರ ಅಭ್ಯಂಜನ ಮುಗಿದ ಮೇಲೆ ನಮ್ಮ ಸೋದರತ್ತೆಯವರು ಬಚ್ಚಲುಮನೆಗೆ ಹೋದರು. ಎಪ್ಪತ್ತೆಂಟರ ವಯಸ್ಸು. ಮರುಗಳಿಗೆಯಲ್ಲೇ ತಂಬಿಗೆ ಉರುಳಿದ ಸದ್ದು ಕೇಳಿಸಿತು. ತೊಡೆಯ ಮೂಳೆ ಸೊಂಟದ ಕೀಲಿನ ಬಳಿ ಮುರಿದಿತ್ತು.

“ವಯಸ್ಸಾಯಿತಲ್ಲ, ಗ್ರಹಚಾರ!” ಎಂದರು ನೋಡಲು ಬಂದವರು. ನಾನೂ ತಲೆದೂಗಿದೆ. ಎಂಟು ಜನ ಮಿಂದ ನೆಲದ ಮೇಲೆ ಎಣ್ಣೆ, ಸೀಗೆಪುಡಿಗಳ ಲೇಪ ಹಾಗೆಯೇ ಉಳಿದಿತ್ತೆಂಬುದು ಹೊಳೆದದ್ದು ತಡವಾಗಿ.

65 ದಾಟಿದವರಲ್ಲಿ ಸುಮಾರು ಮೂವರಿಗೊಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾರಣಗಳು ಅನೇಕ ವೇಳೆ ಮನೆಯೊಳಗೇ ಇರುತ್ತವೆ: ಒದ್ದೆ ನೆಲ, ಮಡಿಸಿಕೊಂಡ ಜಮಖಾನೆಯ ಅಂಚು, ಸವೆದ ಹವಾಯಿ ಚಪ್ಪಲಿ, ದೀಪವಿಲ್ಲದ ನಡುಮನೆ. ಇವನ್ನು ಸರಿಪಡಿಸಲು ಒಂದು ಭಾನುವಾರ ಸಾಕು.

ಕಣ್ಣಿಗೆ ಕಾಣದ ಕಾರಣವೂ ಒಂದುಂಟು. ಮಲಗಿದವರು ಎದ್ದು ನಿಂತೊಡನೆ ಅರ್ಧ ಲೀಟರಿನಷ್ಟಾದರೂ ರಕ್ತ ಕಾಲು, ಹೊಟ್ಟೆಗಳತ್ತ ಇಳಿಯುತ್ತದೆ. ಎಳೆಯರಲ್ಲಿ ರಕ್ತನಾಳಗಳು ಕೂಡಲೇ ಬಿಗಿದು ಒತ್ತಡವನ್ನು ಕಾಯ್ದುಕೊಳ್ಳುತ್ತವೆ. ಮುಪ್ಪಿನಲ್ಲಿ ಈ ಚುರುಕು ತಗ್ಗುತ್ತದೆ. ಜೊತೆಗೆ ರಕ್ತದೊತ್ತಡದ ಮಾತ್ರೆ, ನಿದ್ರೆಯ ಮಾತ್ರೆಗಳೂ ಸೇರಿದರೆ, ನಡುರಾತ್ರಿ ಧಡಕ್ಕನೆದ್ದವರಿಗೆ ಕಣ್ಣು ಕತ್ತಲಿಡುವುದು ಸೋಜಿಗವಲ್ಲ. ಹಾಸಿಗೆಯಂಚಿನಲ್ಲಿ ಒಂದು ನಿಮಿಷ ಕುಳಿತು, ಪಾದಗಳನ್ನು ಆಡಿಸಿ, ಆಮೇಲೆ ಏಳಬೇಕು. ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸದೆ ಎಲ್ಲವನ್ನೂ ವೈದ್ಯರ ಮುಂದಿಟ್ಟು ಕೇಳಬೇಕು.

ಇನ್ನು, ಒಮ್ಮೆ ಬಿದ್ದವರಿಗೆ ನಾವು ಪ್ರೀತಿಯಿಂದಲೇ ಮಾಡುವ ಅಪಕಾರವೊಂದಿದೆ. “ನೀವು ಕೂತಲ್ಲೇ ಕೂತಿರಿ, ಎಲ್ಲ ಅಲ್ಲಿಗೇ ತಂದುಕೊಡುತ್ತೇವೆ” ಎನ್ನುತ್ತೇವೆ. ಕೂತ ಕಾಲು ಸೊರಗುತ್ತದೆ. ಸೊರಗಿದ ಕಾಲು ಮತ್ತೆ ಬೀಳಿಸುತ್ತದೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾನಿಲಯದ ಸಂಶೋಧಕರು 80 ತುಂಬಿದ 233 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮನೆಯಲ್ಲೇ ಕಾಲಿನ ಬಲ ಹಾಗೂ ಸಮತೋಲದ ವ್ಯಾಯಾಮ ಕಲಿಸಿದರು. 1997ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದು ವರ್ಷದಲ್ಲಿ ಆ ಗುಂಪಿನವರು ಬಿದ್ದದ್ದು ಇನ್ನೊಂದು ಗುಂಪಿಗಿಂತ ಸುಮಾರು ಮೂರರಲ್ಲೊಂದು ಪಾಲು ಕಡಿಮೆ. ಎಂಬತ್ತರ ಮೇಲೆ ಕಾಲಿಗೆ ಬಲ ಬಾರದೆಂದು ನಂಬಿದ್ದ ನನಗೆ ಇದು ಹೊಸ ಪಾಠ.

ಅತ್ತೆಯವರೂ ಶಸ್ತ್ರಚಿಕಿತ್ಸೆಯ ತರುವಾಯ, ವೈದ್ಯರು ತೋರಿಸಿಕೊಟ್ಟಂತೆ, ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿಳಿಸುವುದನ್ನು ಕಲಿತರು. ದಿನವೂ ಸಾರು ಕುದಿಯುವಷ್ಟು ಹೊತ್ತು. ಬಚ್ಚಲ ಗೋಡೆಗೆ ಹಿಡಿಕೆ ಬಂದಿದೆ. ಅಭ್ಯಂಜನವನ್ನು ಮಾತ್ರ ಬಿಡಲೊಪ್ಪಲಿಲ್ಲ. ಆದರೆ ಈಗ ಹಬ್ಬದ ದಿನ ಮೊದಲ ಸರದಿ ಅವರದು, ನೆಲವಿನ್ನೂ ಒಣಗಿರುವಾಗಲೇ.