ಬಾವುಟಗುಡ್ಡೆಯ ಬಣ್ಣದ ಚಾಪೆಲ್

ಅಂತೋನಿಯೊ ಮೊಸ್ಕೇನಿ ಪಾದ್ರಿಯಾಗಿರಲಿಲ್ಲ. ಜೆಸ್ವಿಟ್ ಸಭೆಯ ಬ್ರದರ್. ಪೂಜೆ ಅರ್ಪಿಸುವವರಲ್ಲ, ಕೈಕೆಲಸದಿಂದ ಸಭೆಗೆ ಸೇವೆ ಸಲ್ಲಿಸುವವರು. ಹುಟ್ಟಿದ್ದು 1854ರಲ್ಲಿ, ಇಟಲಿಯ ಬೆರ್ಗಾಮೊ ಪಕ್ಕದ ಸ್ತೆತ್ಸಾನೊ ಎಂಬ ಊರಲ್ಲಿ. ಬೆರ್ಗಾಮೊದ ಕರ್ರಾರಾ ಕಲಾಶಾಲೆಯಲ್ಲಿ ಕಲಿತು, ಚಿತ್ರಕಾರನಾಗಿ ಪಳಗಿದ ಮೇಲೆ, 35ರ ವಯಸ್ಸಿನಲ್ಲಿ ಎಲ್ಲ ಬಿಟ್ಟು ಸಭೆಗೆ ಸೇರಿದರು. ಬಿಡಲಾಗದ್ದು ಕುಂಚ ಮಾತ್ರ. ಸಭೆಯವರೂ ಅದನ್ನು ಬಿಡಿಸುವಷ್ಟು ದಡ್ಡರಲ್ಲ. ಹತ್ತು ವರ್ಷದ ಬಳಿಕ ಅವರನ್ನು ಮಂಗಳೂರಿಗೆ ಕಳಿಸಿದರು. ಬಾವುಟಗುಡ್ಡೆಯ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಅವರಿಗಾಗಿ ಕಾದಿತ್ತು.

1899ರಿಂದ ಸುಮಾರು ಎರಡು ವರ್ಷ ಅವರು ಅಲ್ಲಿ ಅಟ್ಟಣಿಗೆ ಹತ್ತಿ ಇಳಿದರು. ಗೋಡೆ, ಕಮಾನು, ಕಮಾನಿನ ಸಂದು, ಮೇಲ್ಭಾಗದ ಇಳಿಜಾರು, ಯಾವುದನ್ನೂ ಬರಿದಾಗಿ ಬಿಡಲಿಲ್ಲ. ಕೆಲವು ಚಿತ್ರಗಳು ಕ್ಯಾನ್ವಾಸ್ ಮೇಲಿನ ತೈಲವರ್ಣ, ಉಳಿದವು ಫ್ರೆಸ್ಕೊ. ಈ ಫ್ರೆಸ್ಕೊ ಕೆಲಸ ಹೇಗೆಂದು ತಿಳಿದರೆ ಆ ಮನುಷ್ಯನ ಗುಂಡಿಗೆ ಎಂಥದ್ದೆಂದು ಗೊತ್ತಾಗುತ್ತದೆ.

ಮೊದಲು ಗೋಡೆಗೆ ಒರಟು ಗಾರೆ. ಅದರ ಮೇಲೆ, ಅಂದಿನ ಒಂದು ದಿನದಲ್ಲಿ ಮುಗಿಸಬಹುದಾದಷ್ಟೇ ಜಾಗಕ್ಕೆ, ನಯವಾದ ಸುಣ್ಣದ ಗಾರೆ. ಕಾಗದದಲ್ಲಿ ಪೂರ್ಣ ಅಳತೆಗೆ ಬರೆದಿಟ್ಟ ಗೆರೆಗಳ ಮೇಲೆ ಸಣ್ಣ ತೂತು ಚುಚ್ಚಿ, ಇದ್ದಿಲ ಪುಡಿ ತಟ್ಟಿ, ಆಕೃತಿಯನ್ನು ಗೋಡೆಗೆ ಇಳಿಸುವುದು ಹಳೆಯ ಪದ್ಧತಿ. ಬಳಿಕ ಗಾರೆ ಹಸಿಯಿರುವಾಗಲೇ ಬರೀ ನೀರಿನಲ್ಲಿ ಕಲಸಿದ ಬಣ್ಣ. ಅಂಟಿಲ್ಲ, ಎಣ್ಣೆಯಿಲ್ಲ. ಸುಣ್ಣದ ಖಾರಕ್ಕೆ ತಡೆಯುವ ಬಣ್ಣಗಳೇ ಬೇಕಾದ್ದರಿಂದ ಮಣ್ಣಿನ ಕೆಂಪು, ಹಳದಿ, ಕಂದು ಹೆಚ್ಚು ಬಳಕೆ. ಗಾರೆ ಒಣಗುತ್ತ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಬಣ್ಣದ ಕಣಗಳು ಆ ಕಲ್ಲಿನೊಳಗೇ ಸೆರೆಯಾಗುತ್ತವೆ. ಹಚ್ಚುವಾಗ ಕಂಡ ಬಣ್ಣ ಒಣಗಿದ ಮೇಲೆ ತಿಳಿಯಾಗುವುದರಿಂದ ಎಷ್ಟು ತಿಳಿಯಾದೀತೆಂದು ಮೊದಲೇ ಅಂದಾಜಿರಬೇಕು. ತಪ್ಪಿದರೆ ಒರೆಸುವಂತಿಲ್ಲ, ಆ ತುಂಡನ್ನೇ ಕೆತ್ತಿ ತೆಗೆದು ಹೊಸ ಗಾರೆ ಮೆತ್ತಬೇಕು. ಇಟಲಿಯ ಒಣಹವೆಯಲ್ಲಿ ಕಲಿತ ಈ ವಿದ್ಯೆಯನ್ನು ಮಂಗಳೂರಿನ ಉಪ್ಪುಗಾಳಿಯಲ್ಲಿ, ನಾಲ್ಕು ತಿಂಗಳು ಗೋಡೆ ಒಣಗದ ಊರಿನಲ್ಲಿ, ಹೊಂದಿಸಿಕೊಂಡದ್ದೇ ದೊಡ್ಡ ಸಾಹಸ.

ಚಾಪೆಲನ್ನು ರೋಮಿನ ಸಿಸ್ಟೀನ್ ಚಾಪೆಲಿಗೆ ಹೋಲಿಸುವುದು ಪ್ರವಾಸಿ ಕೈಪಿಡಿಗಳ ರೂಢಿ. ನನಗೆ ಆ ಹೋಲಿಕೆ ಒಪ್ಪಿಗೆಯಿಲ್ಲ. ಸಿಸ್ಟೀನ್ ಪೋಪರ ಪ್ರಾರ್ಥನಾಲಯ, ಇದು ಹುಡುಗರದು. ಮಾಡಿನ ನಡುಭಾಗದಲ್ಲಿರುವುದು ವಿದ್ಯಾರ್ಥಿಗಳ ಪಾಲಕ ಸಂತ ಅಲೋಶಿಯಸ್ ಗೊನ್ಜಾಗನ ಬದುಕು. ಸಂಸ್ಥಾನದ ಹಿರಿಯ ಮಗ, ಹಕ್ಕಿನ ಪಟ್ಟವನ್ನು ತಮ್ಮನಿಗೆ ಬಿಟ್ಟುಕೊಟ್ಟವನು, ರೋಮಿನಲ್ಲಿ ಪ್ಲೇಗ್ ರೋಗಿಗಳ ಆರೈಕೆಗೆ ನಿಂತು 1591ರಲ್ಲಿ, 23ರ ಪ್ರಾಯದಲ್ಲೇ ತೀರಿಕೊಂಡವನು. ಕೆಳಗೆ ಬೆಂಚಿನಲ್ಲಿ ಕೂತ ಹದಿನೈದರ ಹುಡುಗ ಕತ್ತೆತ್ತಿದರೆ ತನಗಿಂತ ಸ್ವಲ್ಪವೇ ದೊಡ್ಡವನ ಕತೆ ಕಾಣಬೇಕು, ಲೆಕ್ಕಾಚಾರ ಅಷ್ಟೆ. ಇಲ್ಲಿ ಓದಿದ ಹಿರಿಯರೊಬ್ಬರು ನಗುತ್ತ ಹೇಳಿದ್ದು: "ಪ್ರಾರ್ಥನೆ ಉದ್ದವಾದಾಗಲೆಲ್ಲ ನಾವು ಮಾಡು ನೋಡುತ್ತಿದ್ದೆವು ಮಾರಾಯ್ರೆ. ಫಾದರ್ ಭಕ್ತಿ ಅಂದುಕೊಳ್ಳುತ್ತಿದ್ದರು."

ಇನ್ನು ಸಂಸ್ಥೆಯ ಇತಿಹಾಸ. ಇಟಲಿಯ ಜೆಸ್ವಿಟರು ಮಂಗಳೂರಿಗೆ ಬಂದಿಳಿದದ್ದು 1878ರ ಡಿಸೆಂಬರ್ 31ರಂದು. ಕಾಲೇಜು ಶುರುವಾದದ್ದು 1880ರ ಜನವರಿಯಲ್ಲಿ. ಗುಡ್ಡದ ಜಾಗ ಕೊಟ್ಟದ್ದು ಇಲ್ಲಿನದೇ ಲೋಬೊ ಪ್ರಭು ಮನೆತನ. ದೊಡ್ಡ ಕಟ್ಟಡ 1885ರ ಹೊತ್ತಿಗೆ ಬಳಕೆಗೆ ಬಂತು. ಆ ಮೊದಲ ತಂಡದ ಅಗಸ್ಟಸ್ ಮುಲ್ಲರ್ ಹೋಮಿಯೋಪಥಿ ಗುಳಿಗೆ ಹಂಚುತ್ತ ಹಂಚುತ್ತ ಕಂಕನಾಡಿಯ ಆಸ್ಪತ್ರೆಗೆ ಬುನಾದಿ ಹಾಕಿದರು. ಇನ್ನೊಬ್ಬರು, ಆಂಜೆಲೊ ಮಾಫೆಯಿ, ಕೊಂಕಣಿ ಕಲಿತು ವ್ಯಾಕರಣ, ನಿಘಂಟು ಬರೆದರು. ಅಚ್ಚಾದದ್ದು ಪ್ರೊಟೆಸ್ಟಂಟರ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ! ರಾಜಕಾರಣಿ ಜಾರ್ಜ್ ಫರ್ನಾಂಡಿಸ್, ಕಾದಂಬರಿಕಾರ ಅರವಿಂದ ಅಡಿಗ ಓದಿದ ಶಾಲೆಯೂ ಇದೇ ಸಂಸ್ಥೆಯದು.

ಮೊಸ್ಕೇನಿ ಮಂಗಳೂರಿನಲ್ಲೇ ನಿಲ್ಲಲಿಲ್ಲ. ಜೆಪ್ಪುವಿನ ಸೆಮಿನರಿ, ಮುಂಬಯಿಯ ಹೋಲಿ ನೇಮ್ ಇಗರ್ಜಿ, ಕೇರಳದ ಇಗರ್ಜಿಗಳು, ಹೀಗೆ ಕರೆದಲ್ಲೆಲ್ಲ ಹೋದರು. 1905ರ ನವೆಂಬರಿನಲ್ಲಿ ಕೊಚ್ಚಿಯಲ್ಲಿ ತೀರಿಕೊಂಡಾಗ ಅವರಿಗೆ 51 ವರ್ಷ. ಭಾರತದಲ್ಲಿ ಬದುಕಿದ್ದು ಏಳು ವರ್ಷವೂ ಇರಲಿಕ್ಕಿಲ್ಲ.

ಅವರ ಕೆಲಸ ಉಳಿಯುವುದು ಗೋಡೆಯಿಂದಲ್ಲ, ಮಾಡಿನಿಂದ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಹೊಯ್ಯುವ ಊರಿನಲ್ಲಿ ಒಂದು ಹಂಚು ಜರುಗಿದರೂ ಸಾಕು. ಇಳಿದ ನೀರು ಗಾರೆಯ ಲವಣವನ್ನು ಕರಗಿಸಿ ಹೊರಮೈಗೆ ತರುತ್ತದೆ. ಬೇಸಗೆಯಲ್ಲಿ ಅದು ಹರಳುಗಟ್ಟಿ ಬಣ್ಣದ ಪದರವನ್ನು ಒಳಗಿನಿಂದ ದಬ್ಬುತ್ತದೆ, ಹೊಪ್ಪಳೆ ಏಳುತ್ತದೆ. ತೊಂಬತ್ತರ ದಶಕದಲ್ಲಿ ಇನ್‌ಟ್ಯಾಕ್ ಎಂಬ ಪರಂಪರೆ ಸಂರಕ್ಷಣಾ ಸಂಸ್ಥೆಯ ತಜ್ಞರು ಚಿತ್ರಗಳನ್ನು ಶುಚಿಗೊಳಿಸಿ ಜೀರ್ಣೋದ್ಧಾರ ಮಾಡಿದರು. 2001ರಲ್ಲಿ ಅಂಚೆ ಇಲಾಖೆ ಚಾಪೆಲಿನ ಸ್ಟಾಂಪ್ ತಂದಿತು. 2024ರಲ್ಲಿ ಕಾಲೇಜು ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಪದವಿ ದೊಡ್ಡದಾದ ಹಾಗೆ ಹೊಸ ಬ್ಲಾಕುಗಳ ಅಗತ್ಯವೂ ಬೆಳೆಯುತ್ತದೆ, ಅದು ಸಹಜ.

ಆದರೆ ಈ ಚಾಪೆಲಿಗೆ ಚಿತ್ರಗಳ ಕಾರಣಕ್ಕಾದರೂ ಕೇಳುವವರಿದ್ದಾರೆ. ಕರಾವಳಿಯಲ್ಲಿ ಮುರಕಲ್ಲಿನ ಗೋಡೆ, ಹಂಚಿನ ಮಾಡು, ಉದ್ದ ಜಗಲಿಯ ಹಳೆಯ ಇಗರ್ಜಿ ಶಾಲೆಗಳು ಇನ್ನೂ ಎಷ್ಟೋ ಇವೆ. ಅವುಗಳಲ್ಲಿ ಮೊಸ್ಕೇನಿ ಬರೆದಿಲ್ಲ. ಸೋರಿತೆಂದು ಮಾಡು ಕೆಡವಿ ಸ್ಲ್ಯಾಬ್ ಹಾಕುವುದು ಸುಲಭ. ಸುಣ್ಣದ ಗೋಡೆಗೆ ಸಿಮೆಂಟ್ ಗಿಲಾವು ಬಳಿದರೆ ಒಳಗಿನ ತೇವ ಹೊರಬರುವ ದಾರಿಯೇ ಮುಚ್ಚಿಹೋಗುತ್ತದೆ. ಹಳೆ ವಿದ್ಯಾರ್ಥಿ ಸಂಘಗಳು ಹೊಸ ಕಟ್ಟಡಕ್ಕೆಂದು ಎತ್ತುವ ದೇಣಿಗೆಯಲ್ಲಿ ಒಂದು ಪಾಲನ್ನು ಹಳೆಯ ಮಾಡಿಗೆ ತೆಗೆದಿಡಲಿ, ಅದೂ ಮಳೆಗಾಲಕ್ಕೆ ಮೊದಲು.