ಆಪತ್ಕಾಲಕ್ಕೆ ದಪ್ಪ ಟಯರಿನ ಬೈಸಿಕಲ್ಲು

ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಗೃಹಸ್ಥನಿಗೆ ಭೂಷಣವಲ್ಲ. ನೆರೆ, ಭೂಕಂಪ ಮೊದಲಾದ ಉತ್ಪಾತಗಳಲ್ಲಿ ಮೋಟಾರು, ರೈಲುಗಳು ನಿಂತುಹೋದಾಗ ಬೈಸಿಕಲ್ಲು ಎಷ್ಟು ಉಪಕಾರಿಯೆಂಬುದು ಸರ್ವವಿದಿತವು. 2011ನೆಯ ಮಾರ್ಚಿಯಲ್ಲಿ ಜಪಾನಿನಲ್ಲಿ ಮಹಾಭೂಕಂಪವಾದಾಗ ಟೋಕಿಯೋ ನಗರದ ರೈಲುಗಳು ನಿಲ್ಲಲು, ಎಷ್ಟೋ ಜನರು ಮನೆ ಸೇರುವುದಕ್ಕಾಗಿ ಅಂಗಡಿಗಳಲ್ಲಿ ಬೈಸಿಕಲ್ಲುಗಳನ್ನು ಕೊಂಡು ಹೊರಟರು. ಈಚೆಗೆ ನಮ್ಮ ಪಟ್ಟಣಗಳಿಗೂ ಬಂದಿರುವ ದಪ್ಪ ಟಯರಿನ ಬೈಸಿಕಲ್ಲನ್ನು ಇಂಥ ಕಾಲಕ್ಕಾಗಿ ಕೊಳ್ಳಬಹುದೇ ಎಂದು ಕೆಲವರು ಕೇಳುತ್ತಾರೆ.

ಮೊದಲು ಅದರ ಗುಣವನ್ನು ಹೇಳುವೆನು. ಸಾಧಾರಣ ಟಯರಿನ ಅಗಲವು ಸುಮಾರು 1½ ಅಂಗುಲ. ಇದರದು 4 ಅಂಗುಲ. ಸಾಧಾರಣ ಟಯರಿಗೆ ಚದರಂಗುಲಕ್ಕೆ 50 ಪೌಂಡಿನಷ್ಟು ಗಾಳಿಯ ಒತ್ತಡ ಬೇಕು. ಇದಕ್ಕೆ 8ರಿಂದ 15 ಪೌಂಡು ಸಾಕು. ಒಂಟೆಯ ಅಗಲವಾದ ಪಾದದಂತೆ ಭಾರವು ಹೆಚ್ಚು ನೆಲದ ಮೇಲೆ ಹರಡುವುದರಿಂದ ಗಾಲಿಯು ಉಸುಕಿನಲ್ಲಿ ಹೂತುಹೋಗುವುದಿಲ್ಲ. ಆದರೆ ಗಟ್ಟಿಯಾದ ರಸ್ತೆಯಲ್ಲಿ ಇದೇ ಗುಣವು ದೋಷವಾಗಿ, ತುಳಿಯುವವನನ್ನು ಬೇಗನೆ ದಣಿಸುವುದು.

2019ನೆಯ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿದಾಗ ಇದರ ಪರೀಕ್ಷೆಯು ನಮ್ಮ ಮನೆಯಲ್ಲಿಯೇ ನಡೆಯಿತು. ಬಸ್ಸುಗಳು ನಿಂತಿದ್ದವು, ನನ್ನ ಪತ್ನಿಯ ಇನ್ಸುಲಿನ್ ಒಂದೇ ದಿನಕ್ಕೆ ಉಳಿದಿತ್ತು. ನನ್ನ ಮಗನು ತನ್ನ ದಪ್ಪ ಟಯರಿನ ಬೈಸಿಕಲ್ಲನ್ನೇರಿ ಸುತ್ತುದಾರಿಯಿಂದ ಪೇಟೆಗೆ ಹೊರಟನು. ನೆರೆಯು ತಂದೊಟ್ಟಿದ ಉಸುಕನ್ನು ಲೀಲಾಜಾಲವಾಗಿ ದಾಟಿದನು. ಎರೆಭೂಮಿಯಲ್ಲಿ ಮಾತ್ರ ಮಣ್ಣು ಗಾಲಿಗೆ ಮೆತ್ತಿಕೊಂಡು, ಬೈಸಿಕಲ್ಲನ್ನು ಹೆಗಲ ಮೇಲೆ ಹೊರಬೇಕಾಯಿತು. ಔಷಧ ದೊರೆಯಿತು. ಹಿಂದಿರುಗುವಾಗ, ಉಸುಕಿಗಾಗಿ ಗಾಳಿಯನ್ನು ತೀರ ಇಳಿಸಿದ್ದುದರಿಂದ ಟಯರು ರಿಮ್ಮಿನ ಮೇಲೆ ಜಾರಿ, ಟ್ಯೂಬಿನ ವಾಲ್ವು ಬುಡಸಹಿತ ಹರಿಯಿತು. ತೂತಿಗೆ ತೇಪೆಯುಂಟು, ಇದಕ್ಕೆ ಹೊಸ ಟ್ಯೂಬೇ ಬೇಕು. ದಾರಿಯ ಹಳ್ಳಿಯ ರಿಪೇರಿಯವರು ನೋಡಿ, “ತಮ್ಮಾ, ಈ ಗಾಲಿಗೆ ಹೊಂದೂ ಟ್ಯೂಬು ನನ್ನ ಹತ್ರ ಇಲ್ಲ. ನನ್ನ ಸೈಕಲ್ ತಗೊಂಡು ಹೋಗಪಾ, ತಾಯಿ ದಾರಿ ಕಾಯ್ತಿರ್ತಾಳ” ಎಂದು ತಮ್ಮ ಹಳೆಯ ಬೈಸಿಕಲ್ಲನ್ನೇ ಕೊಟ್ಟರು. ದೀಪ ಹಚ್ಚುವ ಹೊತ್ತಿಗೆ ಮಗನು ಮನೆ ಸೇರಿದನು. ಆ ಉಪಕಾರವನ್ನು ನಾವು ಮರೆತಿಲ್ಲ.

ಇದರಿಂದ ನನಗೆ ತೋರಿದುದಿಷ್ಟು: ಆಪತ್ಕಾಲದಲ್ಲಿ ಯಾವುದರ ಬಿಡಿಭಾಗವು ಸಮೀಪದ ಹಳ್ಳಿಯಲ್ಲಿ ದೊರೆಯುವುದೋ ಅದೇ ಉತ್ತಮ ವಾಹನವು. ಕಡಲ ತೀರದಲ್ಲಾಗಲಿ ಉಸುಕಿನ ಸೀಮೆಯಲ್ಲಾಗಲಿ ವಾಸಿಸುವವರು ದಪ್ಪ ಟಯರನ್ನು ಕೊಳ್ಳಬಹುದು. ಆದರೆ ಎರಡು ಟ್ಯೂಬು, ಒಂದು ಪಂಪು ಸದಾ ಜೊತೆಯಲ್ಲಿರತಕ್ಕದ್ದು. ಉಳಿದವರಿಗೆ ಮನೆಯಲ್ಲಿರುವ ಸಾಧಾರಣ ಬೈಸಿಕಲ್ಲೇ ಸಾಕು. ತಿಂಗಳಿಗೊಮ್ಮೆ ಸರಪಳಿಗೆ ಎಣ್ಣೆ ಹಾಕಿ, ಬ್ರೇಕು ಮತ್ತು ಗಾಳಿಯನ್ನು ಪರೀಕ್ಷಿಸಿ, ನಾಲ್ಕಾರು ಮೈಲಿ ತುಳಿದು ನೋಡಬೇಕು.

ಇನ್ನೊಂದು ಮಾತು. ಹರಿಯುವ ನೀರಿಗೆ ಯಾವ ಬೈಸಿಕಲ್ಲನ್ನೂ ಇಳಿಸಬಾರದು. ದಪ್ಪ ಟಯರಿನಲ್ಲಿ ಗಾಳಿಯು ಬಹಳವಿರುವುದರಿಂದ ಅದು ತೇಲಿ, ನೆಲದ ಹಿಡಿತವನ್ನೇ ಬಿಡುವುದು. ಅಂಥಲ್ಲಿ ದಡದಲ್ಲಿ ನಿಂತು ಕಾಯುವವನೇ ಜಾಣನು.